ಪಾರ್ಸಿಪನಿಯ ಖಾನಾವಳಿ

ಸಸ್ಯಾಹಾರಿಗಳು ಅಂದರೆ ಏನೋ ಪಥ್ಯದಲ್ಲಿರುವ ಪಾಪದವರು ಎಂದು ಅಮೆರಿಕದ ಹೋಟೆಲಿನವರು ನೋಡುತ್ತಿದ್ದ ಕಾಲ ಅದು. ಈಗಿನ ಹಾಗೆ ಮೆನು ಬೋರ್ಡಿನ ಮೇಲೆ ಹಸಿರು ಎಲೆಯ ಗುರುತು ಇರುತ್ತಿರಲಿಲ್ಲ. ನಾವಿದ್ದದ್ದು ಪಾರ್ಸಿಪನಿ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ಹೊರಗೆ ಬಂದು ಹೈವೇ ಹತ್ತಿದರೆ ಎಡಕ್ಕೊಂದು ಬಲಕ್ಕೊಂದು ಬಣ್ಣದ ಬೋರ್ಡು: ಬರ್ಗರಿನದು, ಕೋಳಿಯದು, ಪಿಜ್ಜಾದ್ದು. ನನ್ನ ಕ್ಲಾಸಿನ ಮಕ್ಕಳಿಗೆ ಅವೆಲ್ಲ ಸೋದರಮಾವನ ಮನೆಯಷ್ಟು ಬಳಕೆ. ನಮಗೆ ಮಾತ್ರ ಪ್ರತಿ ಬಾಗಿಲಲ್ಲೂ ಒಂದು ವಿಚಾರಣೆ ನಡೆಯಬೇಕಿತ್ತು.

ವಿಚಾರಣೆ ನಡೆಸುವವಳು ಅಮ್ಮ. ಮೈಸೂರಿನವಳು, ಮೇಷ್ಟರ ಮಗಳು. ಕೌಂಟರಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಇದರಲ್ಲಿ ಮಾಂಸ ಇದೆಯೇ, ಮೀನು ಇದೆಯೇ, ಮೊಟ್ಟೆ ಇದೆಯೇ ಎಂದು ಒಂದೊಂದಾಗಿ ಕೇಳುವಳು. ಹಿಂದಿನ ಸಾಲಿನವರು ಉಸ್ಸೆನ್ನುವರು. ನಾನು ಸೋಡಾ ಮೆಷಿನ್ನಿನ ಹಿಂದೆ ಹೋಗಿ, ಈ ಸೀರೆಯ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ. ಅಪ್ಪ ಬಾಗಲಕೋಟೆ ಕಡೆಯವನು, ಸಾಫ್ಟ್‌ವೇರ್ ಕೆಲಸ, ಮಾತು ಕಡಿಮೆ. ಕೈ ಕಟ್ಟಿಕೊಂಡು ಬಾಗಿಲ ಹತ್ತಿರ ಕಾಯುತ್ತಿದ್ದ.

ಹೀಗೆ ಊರೆಲ್ಲ ಸೋಸಿದ ಮೇಲೆ ನಮಗೆ ಸಿಕ್ಕಿದ್ದು ಒಂದೇ ಒಂದು, ಟಾಕೊ ಮಾರುವ ಅಂಗಡಿ. ಹೆಸರು ಬೇಡ. ಅಲ್ಲಿ ಮೆಕ್ಕೆಜೋಳದ ಗರಿಗರಿ ಚಿಪ್ಪಿನೊಳಗೆ ಅರೆದ ಕಾಳು, ಹೆಚ್ಚಿದ ಸೊಪ್ಪು, ಚೀಸ್ ಹಾಕಿ ಕೊಡುತ್ತಿದ್ದರು. ಮಾಂಸ ಇದೆಯೇ ಅಂದರೆ ಇಲ್ಲ ಅಂದರು. ಅಮ್ಮ ಪಾಸು ಮಾಡಿದಳು. ಎರಡು ವರ್ಷ ಪ್ರತಿ ಶುಕ್ರವಾರ ಸಂಜೆ ನಮ್ಮ ಸವಾರಿ ಅಲ್ಲಿಗೇ. ಅಪ್ಪ ಮೊದಲನೇ ತುತ್ತಿಗೇ, "ರೊಟ್ಟಿ, ಕಾಳು, ಖಾರ. ನಮ್ಮ ಊಟಾನ ಇದು, ಸುಮ್ಮನ ಮಡಚಿ ಕೊಟ್ಟಾರ," ಎಂದಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ. ಮೇ ತಿಂಗಳಲ್ಲಿ ನನ್ನ ಹುಟ್ಟುಹಬ್ಬ. ಅದೇ ಅಂಗಡಿಯಲ್ಲಿ ಪಾರ್ಟಿ ಅಂತ ನಿರ್ಧಾರವಾಗಿ, ಐದು ಹುಡುಗಿಯರಿಗೆ ಕಾರ್ಡು ಕೊಟ್ಟಾಗಿತ್ತು. ಅದರಲ್ಲಿ ಜೆನ್ನಾ ಮುಖ್ಯ. ಜೆನ್ನಾ ಲಂಚಿಗೆ ಎಲ್ಲಿ ಕೂರುತ್ತಾಳೋ ಅದೇ ಕ್ಲಾಸಿನ ದೊಡ್ಡ ಟೇಬಲ್ಲು. ಸೆಪ್ಟೆಂಬರಿನಲ್ಲಿ ಮಿಡಲ್ ಸ್ಕೂಲಿಗೆ ಹೋದಾಗ ಆ ಟೇಬಲ್ಲಿನಲ್ಲಿ ನನಗೊಂದು ಜಾಗ ಸಿಗುತ್ತದೋ ಇಲ್ಲವೋ, ಈ ಪಾರ್ಟಿಯಲ್ಲಿ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೆ. ಹತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ವಿಷಯ ಭೂಮಿಯ ಮೇಲೆ ಇರಲಿಲ್ಲ.

ಪಾರ್ಟಿಗೆ ಎಂಟು ದಿನ ಇರುವಾಗ ಅಮ್ಮ ಟೇಬಲ್ ಹೇಳಿಡಲು ಕೌಂಟರಿಗೆ ಹೋದಳು. ಅಲ್ಲಿ ಹೊಸಬ ಮ್ಯಾನೇಜರ್, ಒಳ್ಳೆಯ ಮನುಷ್ಯ. ನಾವು ಸಸ್ಯಾಹಾರಿಗಳು ಅಂದಕೂಡಲೇ ಒಂದು ನಿಮಿಷ ಅಂತ ಒಳಗೆ ಹೋಗಿ, ಕಾಳಿನ ಡಬ್ಬದ ಮೇಲಿದ್ದುದನ್ನು ಓದಿಕೊಂಡು ಬಂದ. ಕಾಳಿನಲ್ಲಿ ಲಾರ್ಡ್ ಇದೆ ಅಂದ. ಹಾಗೆಂದರೇನು ಎಂದಳು ಅಮ್ಮ. ಹಂದಿಯ ಕೊಬ್ಬು, ಮೇಡಂ, ಅಂದ ಅವನು.

ಎರಡು ವರ್ಷ ನಾವು ಮಾಂಸ ಕೇಳಿದ್ದೆವು, ಮೀನು ಕೇಳಿದ್ದೆವು, ಮೊಟ್ಟೆ ಕೇಳಿದ್ದೆವು. ಕೊಬ್ಬು ಕೇಳಿರಲಿಲ್ಲ. ಅಮ್ಮನ ಪ್ರಪಂಚದಲ್ಲಿ ಒಗ್ಗರಣೆ ಅಂದರೆ ಎಣ್ಣೆ, ಇಲ್ಲವೇ ತುಪ್ಪ. ಕಾಳು ಬೇಯಿಸಲು ಪ್ರಾಣಿಯ ಕೊಬ್ಬು ಹಾಕುತ್ತಾರೆ ಎಂದು ಅನುಮಾನಿಸಲಿಕ್ಕೂ ಅವಳಿಗೆ ಬರುತ್ತಿರಲಿಲ್ಲ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ನಮ್ಮ ಪ್ರಶ್ನೆಯಲ್ಲೇ ತೂತು ಇತ್ತು. ಮನೆಗೆ ಬಂದವಳೇ ಅಮ್ಮ ನಮ್ಮಿಬ್ಬರಿಗೂ ತಲೆಗೆ ನೀರು ಹಾಕಿಕೊಳ್ಳಲು ಹೇಳಿ, ಕೊನೆಗೆ ತಾನೂ ಹೋದಳು.

ಒದ್ದೆ ಕೂದಲಿಗೆ ಟವೆಲ್ ಕಟ್ಟಿಕೊಂಡು ಹೊರಗೆ ಬಂದು, "ಇನ್ನು ಆ ಅಂಗಡಿ ಬಾಗಿಲು ತುಳಿಯೋ ಹಾಗಿಲ್ಲ. ಹುಟ್ಟಿದ ಹಬ್ಬ ಮನೇಲೇ ಮಾಡೋಣ ಪುಟ್ಟಿ. ಬಿಸಿಬೇಳೆಬಾತ್ ಮಾಡ್ತೀನಿ," ಎಂದಳು.

ಜೆನ್ನಾಳಿಗೆ ಬಿಸಿಬೇಳೆಬಾತ್. ನಾನು ಗೋಳೋ ಎಂದು ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲು ಸುಮ್ಮನೆ ಕೂತಿದ್ದ ಅಪ್ಪನೇ ಸಿಕ್ಕ. "ಯು ಗೈಸ್ ಡೋಂಟ್ ನೋ ಎನಿಥಿಂಗ್ ಅಬೌಟ್ ರೆಸ್ಟೊರೆಂಟ್ಸ್," ಅಂದೆ.

ಅಮ್ಮ ತಟ್ಟನೆ ಅಪ್ಪನ ಮುಖ ನೋಡಿದಳು. ಅಪ್ಪ ಮೀಸೆಯಡಿ ನಕ್ಕ.

"ಹೇಳ್ರಿ ಅವಳಿಗೆ," ಎಂದಳು ಅಮ್ಮ. "ಎಷ್ಟು ದಿನ ಅಂತ ಮುಚ್ಚಿಡ್ತೀರಿ?"

"ಮುಚ್ಚಿಡೂದೇನೈತಿ," ಎಂದ ಅಪ್ಪ. "ಯಾರೂ ಕೇಳಿಲ್ಲ, ನಾ ಹೇಳಿಲ್ಲ."

ಅಪ್ಪನ ಅವ್ವ, ಅಂದರೆ ನನ್ನ ಆಯಿ, ಅವರ ಊರಿನ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದಳಂತೆ. ಆರು ಮೇಜು, ಹೊಟ್ಟೆ ತುಂಬ ರೊಟ್ಟಿ ಊಟ. ಅಪ್ಪ ಎಂಜಿನಿಯರಿಂಗ್ ಓದುತ್ತಿದ್ದಾಗ ಒಂದು ವರ್ಷ ಆಯಿಯ ಮಣಿಕಟ್ಟು ಮುರಿದು, ರೊಟ್ಟಿ ಬಡಿಯಲು ಆಗದೆ, ಒಲೆಯ ಮುಂದೆ ಅಪ್ಪನೇ ಕೂತಿದ್ದನಂತೆ. ಬೆಳಿಗ್ಗೆ ರೊಟ್ಟಿ, ಆಮೇಲೆ ಕಾಲೇಜು. ಆಫೀಸಿನ ಪಾರ್ಟಿಗಳಲ್ಲಿ ನಿಮ್ಮ ಮನೆಯವರದು ಏನು ಎಂದು ಯಾರಾದರೂ ಕೇಳಿದರೆ ಅಪ್ಪ ಬಿಸಿನೆಸ್ ಅಂತ ಒಂದೇ ಮಾತು ಹೇಳುತ್ತಿದ್ದುದು ನೆನಪಾಯಿತು. ಅದು ಯಾವ ಬಿಸಿನೆಸ್ ಎಂದು ನನಗೆ ಗೊತ್ತಾದದ್ದು ಅವತ್ತು.

ಪಾರ್ಟಿಯ ಟಾಕೊ ಮನೆಯಲ್ಲೇ ಮಾಡಿಕೊಡುತ್ತೇನೆಂದು ಮರುದಿನ ಅಪ್ಪ ನಮ್ಮ ದೇಶದವರ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಜೋಳದ ಹಿಟ್ಟಿನ ದೊಡ್ಡ ಚೀಲ ತಂದ. ಅಂಗಿಯ ತೋಳು ಮಡಚಿ, ಕುದಿವ ನೀರಿಗೆ ಹಿಟ್ಟು ಹಾಕಿ, ನಾದಿ ನಾದಿ, ಅಡುಗೆಮನೆಯ ಕಟ್ಟೆಯ ಮೇಲೆ ಬಡಿಯತೊಡಗಿದ. ಪಟಪಟ, ಪಟಪಟ. ಹಿಟ್ಟು ಅವನ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಯಿತು. ಕೀಬೋರ್ಡ್ ಬಿಟ್ಟರೆ ಆ ಕೈಗೆ ಬೇರೇನೂ ಬರುವುದಿಲ್ಲ ಎಂದುಕೊಂಡಿದ್ದೆ. ಕೆಳಗಿನ ಮನೆಯವನು ಬಂದು ಬಾಗಿಲು ತಟ್ಟಿ, ಏನಾದರೂ ರಿಪೇರಿ ನಡೆಯುತ್ತಿದೆಯೇ ಎಂದು ಕೇಳಿದ. ಅಮ್ಮ ಅವನ ಕೈಗೆ ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟು ಕಳಿಸಿದಳು. ಅವನು ಮತ್ತೆ ಬರಲಿಲ್ಲ. ಅಂದರೆ ದೂರು ಹೇಳಲು ಬರಲಿಲ್ಲ, ರೊಟ್ಟಿಗೆ ಬಂದ.

ರೊಟ್ಟಿಯೇನೋ ಆಯಿತು, ಅದು ಟಾಕೊ ಆಗಬೇಕಲ್ಲ. ಬೆಂದ ರೊಟ್ಟಿಯನ್ನು ಮಡಚಿದರೆ ನಡುವೆ ಮುರಿಯುತ್ತಿತ್ತು. ಮೆತ್ತಗಿರುವಾಗ ಮಡಚಿದರೆ ಒಂದಕ್ಕೊಂದು ಅಂಟಿ ಕೂರುತ್ತಿತ್ತು. ಮೂರು ಸಂಜೆ ಹೀಗೇ ಹೋಯಿತು. ಒಮ್ಮೆ ಸ್ಮೋಕ್ ಅಲಾರ್ಮ್ ಕೂಡ ಕೂಗಿತು. ನಾಲ್ಕನೇ ಸಂಜೆ ಅಪ್ಪ ಓವನ್ನಿನ ಬಾಗಿಲು ತೆಗೆದು ಒಳಗಿನ ಕಂಬಿಗಳನ್ನು ನೋಡುತ್ತ ನಿಂತ. ಅಂಗೈಯಗಲದ ರೊಟ್ಟಿ ಬಡಿದು, ಅರ್ಧ ಬೇಯಿಸಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ, ಎರಡು ಕಂಬಿಗಳ ಮೇಲೆ ಬಟ್ಟೆ ಒಣಹಾಕಿದ ಹಾಗೆ ಇಳಿಬಿಟ್ಟ. ಸಣ್ಣ ಉರಿ. ಅರ್ಧ ಗಂಟೆಯ ಮೇಲೆ ತೆಗೆದರೆ ಖಡಕ್ ರೊಟ್ಟಿ, ಆಕಾರ ಟಾಕೊದ್ದು.

"ನಮ್ಮವ್ವ ನೋಡಿದ್ರ ಬೈತಾಳ," ಎಂದ ಅಪ್ಪ. ಮುಖದ ತುಂಬ ಖುಷಿ.

ನನಗೂ ಕಲಿಸು ಎಂದೆ. ಒಂದು ಉಂಡೆ ಕೊಟ್ಟ. ನಾನು ಬಡಿದದ್ದು ನಾಲ್ಕು ಕಡೆ ಸೀಳಿತು. "ಪಾರ್ಟಿ ಆಗಲಿ ಅವ್ವಾ, ಆಮ್ಯಾಲ ನಿಧಾನಕ್ಕ ಕಲಿಸ್ತೀನಿ," ಎಂದ. ಮುದ್ದು ಬಂದಾಗ ಅಪ್ಪ ನನ್ನನ್ನೂ ಅವ್ವಾ ಎಂದೇ ಕರೆಯುತ್ತಿದ್ದ.

ಶನಿವಾರ ಮಧ್ಯಾಹ್ನ ಐದು ಜನವೂ ಬಂದರು. ಕಾರ್ಪೆಟ್ಟಿನ ಮೇಲೆ ಚಾಪೆ ಹಾಸಿ ಸಾಲಾಗಿ ಕೂರಿಸಿದೆವು. ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಹಸಿ ಮೆಂತ್ಯ ಸೊಪ್ಪು. ಮೈಸೂರಿನ ಮರ್ಯಾದೆ ಉಳಿಯಲಿ ಎಂದು ಅಮ್ಮ ಸೌತೆಕಾಯಿ ಕೋಸಂಬರಿ ಮಾಡಿದ್ದಳು. ಜೆನ್ನಾ ಚಿಪ್ಪನ್ನು ಎತ್ತಿ ಹಿಂದೆ ಮುಂದೆ ನೋಡಿ, ಇದು ಯಾಕೆ ಬೂದು ಬಣ್ಣ ಇದೆ ಎಂದು ಕೇಳಿದಳು. ಕಡಿದಳು. ಕರುಂ ಎಂದಿತು. ಇನ್ನೊಂದು ಸಲ ಕಡಿದಳು.

ಅಷ್ಟರಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಪ್ಪ ಬಡಿಸಲು ಬಂದ. ಬೇಕೇ ಎಂದು ಕೇಳಲಿಲ್ಲ. ಖಾನಾವಳಿಯಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲವಂತೆ. ತಟ್ಟೆ ಖಾಲಿಯಾಗುವ ಮೊದಲೇ ಇನ್ನೊಂದು ಬೀಳಬೇಕು. ಬಾಯಿಮಾತಿನಲ್ಲಿ ಸಾಕು ಅಂದರೆ ಅದು ನಾಚಿಕೆ ಅಂತ ಲೆಕ್ಕ. ನಿಜವಾಗಿ ಸಾಕಾದವನು ತಟ್ಟೆಗೆ ಅಡ್ಡ ಕೈ ಇಡಬೇಕು. ಹುಡುಗಿಯರು ನೋ ಥ್ಯಾಂಕ್ಯೂ ಅನ್ನುತ್ತಿದ್ದರು, ಅಪ್ಪ ಹಾಕುತ್ತ ಹೋಗುತ್ತಿದ್ದ. ಒಬ್ಬಳಂತೂ ನಾಲ್ಕನೆಯದು ಬಿದ್ದಾಗ ಗಾಬರಿಯಿಂದ ನನ್ನನ್ನು ನೋಡಿದಳು. ಆಗ ಎದ್ದು ನಿಂತು ನಾನೇ ಹೇಳಿಕೊಟ್ಟೆ: ಸಾಕಾದರೆ ಹೀಗೆ ಕೈ ಇಡಬೇಕು, ಇಲ್ಲದಿದ್ದರೆ ನಿಲ್ಲಿಸುವುದಿಲ್ಲ.

ಆಮೇಲೆ ಅದೇ ಆಟವಾಯಿತು. ಕೈ ಇಡುವುದು, ಅಪ್ಪ ಮುಂದಕ್ಕೆ ಹೋದ ಅಂತ ಕೈ ತೆಗೆಯುವುದು, ತೆಗೆದದ್ದೇ ತಡ ಅಪ್ಪ ತಿರುಗಿ ಬಂದು ಹಾಕುವುದು. ಜೆನ್ನಾ ಎರಡೂ ಕೈ ಇಟ್ಟು ತಟ್ಟೆಯ ಮೇಲೆ ಬಗ್ಗಿಬಿಟ್ಟಳು. ನಗು ನಿಂತ ಮೇಲೆ ಅಪ್ಪನಿಗೆ, "ವೇರ್ ಡಿಡ್ ಯು ಲರ್ನ್ ದಿಸ್?" ಎಂದು ಕೇಳಿದಳು.

ಅಪ್ಪ ಟವೆಲಿನಿಂದ ಕೈ ಒರೆಸಿಕೊಂಡ. ಬಿಸಿನೆಸ್ ಅನ್ನಲಿಲ್ಲ. "ಮೈ ಮದರ್ಸ್ ರೆಸ್ಟೊರೆಂಟ್," ಎಂದ. "ಐ ವಾಸ್ ದಿ ಕುಕ್."

ನನಗೆ ಎಂಥ ಹೆಮ್ಮೆಯಾಯಿತು ಅಂದರೆ, ಸೋಡಾ ಮೆಷಿನ್ನಿನ ಹಿಂದೆ ನಿಂತಿದ್ದ ಎರಡು ವರ್ಷವೂ ಅವತ್ತೇ ತೊಳೆದುಹೋಯಿತು. ಅಡುಗೆಮನೆಯಿಂದ ನೋಡುತ್ತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಅಪ್ಪ ಆಯಿಗೆ ಫೋನು ಹಚ್ಚಿದ. ಆಯಿ ಆಗ ದೊಡ್ಡಪ್ಪನ ಮನೆಯಲ್ಲಿದ್ದಳು. ಖಾನಾವಳಿ ಮುಚ್ಚಿ ವರ್ಷಗಳಾಗಿದ್ದವು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಎಲ್ಲಾರೂ ಕೈ ಅಡ್ಡ ಇಟ್ಟ್ರೇನಪಾ?"

"ಇಟ್ಟ್ರು ಅವ್ವಾ."

"ಹಂಗಂದ್ರ ಖಾನಾವಳಿ ಚಾಲೂ ಐತಿ ಬಿಡು," ಎಂದಳು ಆಯಿ.

ಸೆಪ್ಟೆಂಬರಿನಲ್ಲಿ ಜೆನ್ನಾಳ ಟೇಬಲ್ಲಿನಲ್ಲಿ ನನಗೆ ಜಾಗ ಸಿಕ್ಕಿತು. ಡಬ್ಬಿಯಲ್ಲಿ ಒಂದು ಹೆಚ್ಚು ಚಿಪ್ಪು ಒಯ್ಯಬೇಕಾಗುತ್ತಿತ್ತು, ಅಷ್ಟೆ. ರೊಟ್ಟಿ ಬಡಿಯುವುದನ್ನು ಕಲಿಯುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಆ ವರ್ಷ ಸಾಕರ್, ಮುಂದೆ ಪರೀಕ್ಷೆಗಳು, ಆಮೇಲೆ ಕಾಲೇಜು. ಕೊನೆಗೂ ಕಲಿಯಲಿಲ್ಲ.

ಈಗ ನಾನಿರುವುದು ಮನ್ರೋ ಎಂಬ ಇನ್ನೊಂದು ಊರಿನಲ್ಲಿ. ಆಯಿ ಇಲ್ಲ. ಅಪ್ಪ ಅಮ್ಮ ಹತ್ತು ನಿಮಿಷದ ದೂರದಲ್ಲಿದ್ದಾರೆ. ಅಪ್ಪನ ಮಣಿಕಟ್ಟಿಗೂ ನೋವು ಬಂದಿದೆ, ರೊಟ್ಟಿ ಬಡಿಯುವುದನ್ನು ಡಾಕ್ಟರು ಬಿಡಿಸಿದ್ದಾರೆ. ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಸಸ್ಯಾಹಾರ ಎಲ್ಲ ಅಂಗಡಿಯಲ್ಲೂ ಇದೆ. ಕೊಬ್ಬು ಯಾವುದು, ಎಣ್ಣೆ ಯಾವುದು ಎಂದು ಫೋನೇ ಹೇಳುತ್ತದೆ. ಕೌಂಟರಿನಲ್ಲಿ ನಿಂತು ಯಾರೂ ಏನೂ ಕೇಳಬೇಕಾಗಿಲ್ಲ. ನನ್ನ ಮಗಳಿಗೆ ಹೋಟೆಲಿನಲ್ಲಿ ಅಡಗಿಕೊಳ್ಳುವ ಕಾರಣವೇ ಇಲ್ಲ, ಅದು ಒಳ್ಳೆಯದೇ.

ಹೋದ ತಿಂಗಳು ಅವಳಿಗೆ ಹತ್ತು ತುಂಬಿತು. ಕ್ರ್ಯಾನ್‌ಬರಿ ಹತ್ತಿರದ ಒಂದು ತರಕಾರಿ ಬರ್ಗರಿನ ಹೋಟೆಲಿಗೆ ಎಲ್ಲರೂ ಹೋಗಿದ್ದೆವು. ಊಟ ಮುಗಿದ ಮೇಲೆ ಬಡಿಸುವ ಹುಡುಗಿ ತಟ್ಟೆ ಎತ್ತಲು ಅಪ್ಪನ ಪಕ್ಕ ಬಗ್ಗಿದಳು. ಯಾರೋ ಬಡಿಸಲು ಬಗ್ಗಿದರಲ್ಲ ಎಂದು ಅಪ್ಪ ಅಭ್ಯಾಸಬಲದಿಂದ ಖಾಲಿ ತಟ್ಟೆಗೆ ಅಡ್ಡ ಕೈ ಇಟ್ಟ. ತಟ್ಟೆ ಈಗಲೇ ಎತ್ತಬೇಡ ಅನ್ನುತ್ತಿದ್ದಾನೆ ಎಂದುಕೊಂಡು ಅವಳು ಸಾರಿ ಹೇಳಿ ಹೋದಳು. ಆ ಕೈಗೆ ಏನು ಅರ್ಥ ಎಂದು ಆ ಮೇಜಿನಲ್ಲಿ ಗೊತ್ತಿದ್ದದ್ದು ಅಪ್ಪ, ಅಮ್ಮ, ನಾನು, ಮೂವರಿಗೇ.

"ವೈ ಡಿಡ್ ಅಜ್ಜ ಡೂ ದಟ್?" ಎಂದಳು ಮಗಳು.

ನಾನು ಇಂಗ್ಲಿಷಿನಲ್ಲಿ ಹೇಳಲು ಹೊರಟು ಎರಡು ಮಾತಿಗೇ ನಿಲ್ಲಿಸಿದೆ. ಅಪ್ಪ ನಕ್ಕು ಅವಳ ತಲೆ ಸವರಿದ.

"ಹೇಳಿದ್ರ ತಿಳಿಯೂದಿಲ್ಲ. ಮನಿಗೆ ಬಾ, ನಾ ನಿನಗ ಬಡಿಸಿ ತೋರಸ್ತೀನಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆದ್ರ ರೊಟ್ಟಿ ಯಾರು ಬಡಿಯೂದು, ಅವ್ವಾ?" ಎಂದು ಕೇಳಿದ.

ಮೇಜಿನ ಮೇಲಿದ್ದ ನನ್ನ ಎರಡು ಕೈಗಳನ್ನೂ ನಾನು ಮಡಿಲಿಗೆ ಎಳೆದುಕೊಂಡೆ.