ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜಿ

ಪದ ಎತ್ತುವ ಮುಂಚೆ ಅಜ್ಜಿ ಎಡಗೈಯನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಕುರಿ ಉಣ್ಣೆ ನೂತು ನೂತು ಆ ಬೆರಳುಗಳು ಕೊರಡಾಗಿದ್ದವು. ಶ್ರೀರಾಂಪುರದ ಪಕ್ಕದ ನಮ್ಮೂರಲ್ಲಿ ಯಾರ ಮನೆ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವ ಸೋಬಾನೆ ಪದ ಅವಳದೇ. ಉಳಿದ ಹೆಂಗಸರಿಗೆ ಹಿಂದೆ ದನಿಗೂಡಿಸಿ ಗೊತ್ತೇ ಹೊರತು ಮುಂದೆ ನಿಂತು ಎತ್ತಿ ಗೊತ್ತಿಲ್ಲ. ಅವಳು ನನ್ನ ಸ್ವಂತ ಅಜ್ಜಿಯಲ್ಲ, ಪಕ್ಕದ ಮನೆಯವಳು.

ಅವಳಿಗೆ ಮೊಬೈಲ್ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಫೋನ್ ಎತ್ತಿದರೆ ಪದ ನಿಲ್ಲಿಸಿ ಎಲೆಅಡಿಕೆ ಚೀಲಕ್ಕೆ ಕೈ ಹಾಕುವಳು. "ಅದು ಕೇಳ್ತೈತೆ, ಕಲಿಯಲ್ಲ," ಎನ್ನುತ್ತಿದ್ದಳು. ನನ್ನ ಅನುಮಾನವೇ ಬೇರೆ. ಪದ ಎಲ್ಲರ ಕೈಗೆ ಸಿಕ್ಕರೆ ತನ್ನನ್ನು ಕೇಳುವವರಿಲ್ಲ ಎಂಬ ಭಯ ಈ ಮುದುಕಿಗೆ, ಅಂದುಕೊಂಡಿದ್ದೆ. ಅದಕ್ಕೇ ನನ್ನ ಮದುವೆಯಲ್ಲಿ ತಂಗಿಯ ಕೈಗೆ ಫೋನ್ ಕೊಟ್ಟು, ಸೆರಗಿನಡಿ ಇಟ್ಟುಕೊಂಡು ರೆಕಾರ್ಡ್ ಮಾಡೆಂದು ಹೇಳಿಕೊಟ್ಟವಳು ನಾನೇ. ಕಳ್ಳತನ ಚೆನ್ನಾಗಿಯೇ ಆಯಿತು.

ಮೂರು ವರ್ಷಕ್ಕೆ ಅದೇ ತಂಗಿಯ ಮದುವೆ. ಅಜ್ಜಿಗೆ ಮೈ ಸುಡುವ ಜ್ವರ. ನಮ್ಮಲ್ಲಿ ಕರೆಯದೆ ಹೆಣ್ಣು ಹಸೆಗೆ ಕೂರುವಂತಿಲ್ಲ. ಅವ್ವನ ಮುಖ ಸಣ್ಣದಾಯಿತು. ಗಂಡನ ಮನೆ ಭರಮಸಾಗರದಿಂದ ಬಂದಿದ್ದ ನಾನು, ಯಾಕೆ ಚಿಂತೆ ಎಂದು ಫೋನನ್ನು ಸ್ಪೀಕರಿಗೆ ಸಿಕ್ಕಿಸಿದೆ. ಅಜ್ಜಿಯ ದನಿ ಚಪ್ಪರ ತುಂಬಿತು. ಹೆಮ್ಮೆಗೆ ನನಗೆ ನೆಲವೇ ಕಾಣಲಿಲ್ಲ. ಅಷ್ಟರಲ್ಲಿ ಹೆಸರು ಹಿಡಿದು ಕರೆಯುವ ಸಾಲು ಬಂತು ನೋಡಿ, ಸ್ಪೀಕರು ಕರೆದದ್ದು ನನ್ನನ್ನು! ನನ್ನ ಹೆಸರು ಹಿಡಿದು, ಭರಮಸಾಗರದ ಸೊಸೆಯೇ ಬಾ ಎಂದು. ಮದುವೆಗೊಂದು ಹೆಸರು ಹಾಕಿ ಹಾಡುವ ಪದವದು. ಹುಟ್ಟಿದಾಗಿನಿಂದ ಕೇಳಿದ್ದ ನಾನೇ ಅದನ್ನು ಮರೆತಿದ್ದೆ. ಬೀಗರು ಕಿಸಕ್ಕನೆ ನಕ್ಕರು. ತಂಗಿ ನಿಂತಲ್ಲೇ ಅಳತೊಡಗಿದಳು.

ಗೋಡೆಯಾಚೆ ಎಲ್ಲ ಕೇಳಿಸಿಕೊಂಡ ಅಜ್ಜಿ ಕಂಬಳಿ ಹೊದ್ದು ಬಂದೇಬಿಟ್ಟಳು. ಮಾನ ಕಳೆಯುತ್ತಾಳೆಂದು ತಲೆ ತಗ್ಗಿಸಿದೆ.

"ಕದ್ದಿದ್ದು ಆವತ್ತೇ ಗೊತ್ತಿತ್ತು ಬಿಡೇ," ಅಂದಳು. "ಬಾ, ನನ್ನ ಕೂಡ ಎತ್ತು. ನಂಗೆ ಉಸಿರು ಸಾಲಲ್ಲ."

ಅವಳು ಒಂದು ಸಾಲು ಹೇಳಿ ಕೆಮ್ಮುವಳು, ಅದನ್ನೇ ಹಿಡಿದು ನಾನು ಎತ್ತುವೆ. ಹೆಸರಿನ ಸಾಲಿಗೆ ಅವಳು ಬೇಕೆಂದೇ ಸುಮ್ಮನಾದಳು. ತಂಗಿಯ ಹೆಸರನ್ನು ನಾನೇ ಕರೆದೆ. ದನಿ ಒಡೆಯಿತು. ಆದರೂ ತಂಗಿ ಕಣ್ಣೊರೆಸಿಕೊಂಡು ಬಂದು ಹಸೆಗೆ ಕುಳಿತಳು.

ಆಮೇಲೆ ತವರಿಗೆ ಹೋದಾಗಲೆಲ್ಲ ಅಜ್ಜಿ ಎದುರು ಕೂರಿಸಿಕೊಂಡು ಕಲಿಸಿದಳು. ಅದಕ್ಕೂ ಮುಂಚೆ ನನ್ನ ಫೋನು ಅವಳ ಜೋಳದ ಡಬ್ಬಿಯೊಳಗೆ ಹೋಗಬೇಕು. ನಡುನಡುವೆ ಮುಚ್ಚಳ ತೆಗೆದು ನೋಡುವಳು. ಕೊನೆಯವರೆಗೂ ನಂಬಲಿಲ್ಲ, ಅದನ್ನೂ, ನನ್ನನ್ನೂ. ನಂಬದಿದ್ದುದು ನನ್ನ ಪುಣ್ಯ.

ಅಜ್ಜಿ ಹೋಗಿ ವರ್ಷವಾಯಿತು. ಆ ರೆಕಾರ್ಡ್ ಅಳಿಸಿಲ್ಲ. ಹಚ್ಚಿದರೆ ಇವತ್ತಿಗೂ ಅವಳು ನನ್ನನ್ನೇ ಹಸೆಗೆ ಕರೆಯುತ್ತಾಳೆ. ಈಗ ನಮ್ಮೂರಲ್ಲಿ ಮದುವೆಯಾದರೆ ಭರಮಸಾಗರಕ್ಕೆ ಹೇಳಿ ಕಳಿಸುತ್ತಾರೆ. ಹೋಗಿ, ಕಿವಿಗೆ ಕೈ ಒತ್ತಿ, ಮೊದಲು ಕೇಳುತ್ತೇನೆ: ಹೆಣ್ಣಿನ ಹೆಸರೇನ್ರಿ?