ಮೆಟ್ಟಿಲ ಕಂಬದ ಮೇಲಿನ ಬುಗುರಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದು ಒಂಬತ್ತನೆಯ ತರಗತಿಗೇ ನಿಂತಿತು, ಹಾಗಾಗಿ ಪದಗಳೂ ಕಡಿಮೆ. ಮೂರು ಸಲ ತಿದ್ದಿ ಬರೆದಿದ್ದೇನೆ. ಇದು ನಮ್ಮ ದೊಡ್ಡಮ್ಮನ ಕಥೆ.

ಜನ ಟಿಕೆಟ್ ಕೊಂಡು ನೋಡಲು ಬರುವ ಹಳೆಯ ಬಂಗಲೆಯೊಂದರಲ್ಲಿ ದೊಡ್ಡಮ್ಮ ಇಪ್ಪತ್ತೆರಡು ವರ್ಷದಿಂದ ಧೂಳು ಒರೆಸುತ್ತಾಳೆ. ಅಲ್ಲಿನ ಮೆಟ್ಟಿಲ ಪಕ್ಕದ ನಾಲ್ಕು ಕಂಬಗಳ ತುದಿಯಲ್ಲಿ ಒಂದೊಂದು ಕರಿಮರದ ಗುಂಡು. ಹನ್ನೊಂದು ವರ್ಷದ ಹಿಂದೆ ಒರೆಸುವಾಗ ಮೂರನೆಯದು ಕಿತ್ತುಬಂದು, ಕೆಳಗೆ ಬಿದ್ದು ಎರಡು ಹೋಳಾಯಿತು. ಕೆಲಸ ಹೋದೀತೆಂಬ ಹೆದರಿಕೆಗೆ ದೊಡ್ಡಮ್ಮ ಮಗನ ಬುಗುರಿಗೆ ಬೂಟ್ ಪಾಲಿಶ್ ಬಳಿದು, ಅದರ ಮೊಳೆಯನ್ನು ಕಂಬದ ತೂತಿಗೆ ಇಳಿಸಿ ಕೂರಿಸಿದಳು. “ನಾಲ್ಕೂ ಒಂದೇ ಕೈಯ ಕೆತ್ತನೆ” ಎಂದು ಗೈಡು ಈಗಲೂ ಹೇಳುತ್ತಾನೆ. ಆಗೆಲ್ಲ ದೊಡ್ಡಮ್ಮನಿಗೆ ಕಿಟಕಿ ಒರೆಸುವ ಕೆಲಸ ನೆನಪಾಗುತ್ತದೆ.

ಮೊನ್ನೆ ಶುಕ್ರವಾರ ಚಿತ್ರಕಲೆ ತರಗತಿಯ ಮಕ್ಕಳು ಬಂದರು. ಬೇರೆಯವರು ಹತ್ತು ನಿಮಿಷದಲ್ಲಿ ಮನೆ ನೋಡಿ ಮುಗಿಸುತ್ತಾರೆ. ಇವರು ಮೆಟ್ಟಿಲೆದುರೇ ಚಕ್ಕಳಮಕ್ಕಳ ಹಾಕಿ ಕೂತರು.

“ಇದೆ ಅಂದ್ಕೊಂಡಿದ್ದನ್ನ ಬರೀಬೇಡಿ, ಕಣ್ಣಿಗೆ ಕಂಡಿದ್ದನ್ನ ಬರೀರಿ,” ಎಂದರು ಮೇಷ್ಟ್ರು.

ದೊಡ್ಡಮ್ಮ ಬಟ್ಟೆ ಹಿಡಿದು ಓಡಿಬಂದಳು. ಮೂರನೆಯ ಕಂಬಕ್ಕೆ ಅಡ್ಡ ನಿಂತು ಒರೆಸತೊಡಗಿದಳು.

“ಅಜ್ಜಿ, ಸ್ವಲ್ಪ ಸರ್ಕೊಳ್ಳಿ,” ಎಂದಳು ದಪ್ಪ ಕನ್ನಡಕದ ಹುಡುಗಿ.

“ಧೂಳಿದೆ ಕಣಮ್ಮ.”

“ಅರ್ಧ ಗಂಟೆಯಿಂದ ಅದೊಂದನ್ನೇ ಒರೆಸ್ತಿದೀರ. ಸವೆದೇ ಹೋಗುತ್ತೆ.”

ಮಕ್ಕಳೆಲ್ಲ ಕಿಸಕ್ಕೆಂದರು. ದೊಡ್ಡಮ್ಮ ಸರಿಯಲೇಬೇಕಾಯಿತು.

ಸಂಜೆ ಬಂಗಲೆಯ ಮ್ಯಾನೇಜರ್ ಬಾಗಿಲ ಬಳಿ ತೂಗುಹಾಕಲು ಒಂದು ಚಿತ್ರ ಆರಿಸಲು ಬಂದರು. ಕನ್ನಡಕದ ಹುಡುಗಿಯದು ಇಷ್ಟವಾಯಿತು.

“ಆದರೆ ಇದೇನಮ್ಮ, ಒಂದು ಗುಂಡಿನ ಮೇಲೆ ಮಾತ್ರ ದಾರ ಸುತ್ತಿದ ಹಾಗೆ ಗೆರೆ? ಅಳಿಸಿ ಸರಿ ಮಾಡ್ಕೊಡು.”

“ಹಾಗೇ ಇದೆ ಸಾರ್,” ಎಂದಳು ಹುಡುಗಿ. ಕಣ್ಣು ತುಂಬಿತ್ತು. ಕೈ ರಬ್ಬರಿನತ್ತ ಹೋಯಿತು.

ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ದೊಡ್ಡಮ್ಮನಿಂದ ಅದನ್ನು ನೋಡಲಾಗಲಿಲ್ಲ.

“ಅಳಿಸಬೇಡ ಮಗಳೇ. ಸಾರ್, ಅವಳು ಬರೆದಿರೋದೇ ಸರಿ. ಅದು ನನ್ನ ಮಗನ ಬುಗುರಿ.” ಕಿತ್ತು ಅವರ ಅಂಗೈ ಮೇಲಿಟ್ಟಳು.

ಮ್ಯಾನೇಜರ್ ತಿರುಗಿಸಿ ತಿರುಗಿಸಿ ನೋಡಿದರು. “ದಿನಾ ಇದರ ಮೇಲೆ ಕೈಯಿಟ್ಟೇ ಹತ್ತುತೀನಲ್ಲಮ್ಮ ನಾನು.”

“ಹೌದು ಸಾರ್. ಅದಕ್ಕೇ ವಾರಕ್ಕೊಂದ್ಸಲ ಪಾಲಿಶ್ ಹಾಕ್ತೀನಿ.”

ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

“ಹಳೇ ಗುಂಡು?”

“ನಮ್ಮನೆ ಟ್ರಂಕಲ್ಲಿದೆ. ಎರಡೂ ಹೋಳು, ಬಟ್ಟೆ ಸುತ್ತಿಟ್ಟಿದೀನಿ.”

“ಎಸೆದಿಲ್ವಲ್ಲ, ಸದ್ಯ. ಸೋಮವಾರ ಬಡಗಿ ಹತ್ರ ಅಂಟಿಸೋಣ.”

“ನಾಳೆ ಕೆಲಸಕ್ಕೆ ಬರಲಾ ಸಾರ್?”

“ಬರದೆ? ಇನ್ನೂ ಮೂರು ಗುಂಡಿದಾವೆ ಒರೆಸೋಕೆ. ಮೆತ್ತಗೆ ಒರೆಸಿ.”

ಗೆರೆಗಳ ಸಮೇತ ಆ ಚಿತ್ರ ಈಗ ಬಾಗಿಲ ಬಳಿ ತೂಗುತ್ತಿದೆ. ನಾಳೆ ಸೋಮವಾರ. ದೊಡ್ಡಮ್ಮನಿಗೆ ಮಂಡಿನೋವು; ಹೋಳುಗಳನ್ನು ಬಡಗಿಯ ಬಳಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ.