ಜೊಂಡಿನ ವಿರುದ್ಧ ನಾನು ಗೆದ್ದ ಚರ್ಚೆ

ನಮ್ಮ ಆಫೀಸಿನ ಕ್ಯಾಂಟೀನಿನ ಗೋಡೆಯ ಮೇಲೆ ಹಿಮಕರಡಿಯ ಆಳೆತ್ತರದ ಚಿತ್ರವಿದೆ. ಕರಗುತ್ತಿರುವ ಮಂಜಿನ ತುಂಡಿನ ಮೇಲೆ ನಿಂತು ಅದು ನಮ್ಮ ಇಡ್ಲಿ ತಟ್ಟೆಗಳನ್ನೇ ನೋಡುತ್ತದೆ. ಪಕ್ಕದಲ್ಲಿ ಬೋರ್ನಿಯೋ ಕಾಡಿನ ಒರಾಂಗುಟನ್, ಅದರಾಚೆ ಆಫ್ರಿಕಾದ ಆನೆ. ಯಾವುದೋ ಪರಿಸರ ದಿನಕ್ಕೆ ಅಂಟಿಸಿದವು. ಅವುಗಳ ಮೇಲೆ ನನಗೆ ಕೋಪವಿಲ್ಲ. ಅವುಗಳ ಕೆಳಗೆ ನಿಂತು ನಾನಾಡಿದ ಮಾತಿನ ಮೇಲಿದೆ.

ಶುಕ್ರವಾರ ಊಟವಾದ ಮೇಲೆ ಅಲ್ಲಿ ಚೀಟಿ ಚರ್ಚೆ ನಡೆಯುತ್ತದೆ. ಸ್ಟೀಲ್ ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಬೇಕು. 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ, ಮೂರು ನಿಮಿಷ. ಕಾಲೇಜಿನ ಚರ್ಚಾ ತಂಡದಲ್ಲಿ ನಾನು ಪಳಗಿದ್ದೇ ಇದರಲ್ಲಿ: ಯಾವ ಕಡೆ ಬಂದರೂ ಗೆಲ್ಲುವುದು. ಅದನ್ನೇ ಬುದ್ಧಿವಂತಿಕೆ ಅಂದುಕೊಂಡಿದ್ದೆ. ಆ ಶುಕ್ರವಾರದ ವಿಷಯ, ಸರ್ಜಾಪುರದ ಕಡೆ ನಮ್ಮ ಕಂಪನಿ ದತ್ತು ತೆಗೆದುಕೊಂಡ ಕೆರೆಯ ಜೊಂಡು ತೆಗೆಸಬೇಕೇ ಎಂಬುದು. ನನಗೆ 'ಪರ' ಬಂತು. ಕೆರೆಯನ್ನು ನಾನು ನೋಡಿರಲಿಲ್ಲ. ನೋಡಿರಬೇಕು ಅಂತ ನಿಯಮವೂ ಇರಲಿಲ್ಲ. ಸೊಳ್ಳೆ, ಹಾವು, ನಾತ ಎಂದೆ. ಕೆರೆ ಅಂದಮೇಲೆ ನೀರು ಕಾಣಬೇಕೋ ಬೇಡವೋ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಬಹುಮಾನಕ್ಕೆ ಕುಂಡದಲ್ಲಿ ತುಳಸಿ ಕೊಟ್ಟರು.

ಎರಡು ವಾರ ಬಿಟ್ಟು ಒಂದು ಶನಿವಾರ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ, ಗಿಡ ನೆಡಲೆಂದು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದರು. ಏರಿ ಹತ್ತಿ ನೋಡಿದರೆ ಅರ್ಧ ಕೆರೆ ಆಗಲೇ ಬೋಳು. ಉಳಿದರ್ಧದಲ್ಲಿ ಜೊಂಡು, ಅದರ ಅಂಚಿನಲ್ಲಿ ಜೆಸಿಬಿ.

ಏರಿಯ ಗಿಡಗಳಿಗೆ ನೀರು ಹಾಕಲು ಕಂಪನಿ ಇಟ್ಟುಕೊಂಡಿದ್ದ, ಅದೇ ಊರಿನ ಹೆಂಗಸೊಬ್ಬರು ನನ್ನನ್ನು ಕರೆದು ಜೊಂಡಿನ ಬುಡ ತೋರಿಸಿದರು. ನೀರಿನ ಮೇಲೆ ಒಣಗಿದ ಎಲೆ ಒಟ್ಟಿದ ಗೂಡು. ಅದರಲ್ಲಿ ಕೂತ ಕಪ್ಪು ಹಕ್ಕಿಯ ಹಣೆಗೆ ಬಿಳಿ ನಾಮ. ನಾಮಗೋಳಿ. ಇಂಥವು ಏಳು ಗೂಡುಗಳಿವೆ, ಎಲ್ಲದರಲ್ಲೂ ಮೊಟ್ಟೆ, ಇನ್ನು ಮೂರು ವಾರ ಸಾಕು ಎಂದರು. ಅವರ ತಾಯಿ ಈ ಜೊಂಡಿನಲ್ಲೇ ಚಾಪೆ ಹೆಣೆಯುತ್ತಿದ್ದರಂತೆ. ಗೂಡು ಕಂಡ ಕಡೆ ಕುಡುಗೋಲು ಹಾಕುತ್ತಿರಲಿಲ್ಲವಂತೆ.

"ನೀನು ಚೆನ್ನಾಗ್ ಮಾತಾಡ್ತೀಯಂತೆ ಕಣಮ್ಮ, ನಿಮ್ಮೋರೇ ಅಂತಿದ್ರು. ಆ ಸಾರ್‌ಗೆ ಒಸಿ ಯೋಳು. ಮರಿ ಆಗೋಗಂಟ ತಡೀಲಿ."

ಕೆರೆ ಕೆಲಸದ ಉಸ್ತುವಾರಿ ನಮ್ಮ ಮ್ಯಾನೇಜರೊಬ್ಬರದು. ಅವರ ಬಳಿ ಹೋಗಿ ವಾದಿಸಿದೆ. ಜೊಂಡು ಕೊಳಚೆ ಸೋಸುತ್ತದೆ, ಸೊಳ್ಳೆಯ ಮರಿ ತಿನ್ನುವ ಮೀನು ಅದರ ಬುಡದಲ್ಲೇ ಇರುತ್ತವೆ, ಮೂರು ವಾರಕ್ಕೆ ಯಾರ ಗಂಟೂ ಹೋಗುವುದಿಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿ, ಫೋನ್ ತೆಗೆದು, ಆ ಶುಕ್ರವಾರದ ಚರ್ಚೆಯ ನನ್ನದೇ ವಿಡಿಯೋ ಹಾಕಿದರು. ಸೊಳ್ಳೆ, ಹಾವು, ನಾತ. ಅದನ್ನು ತೋರಿಸಿಯೇ ಮೇಲಿನವರ ಒಪ್ಪಿಗೆ ಪಡೆದಿದ್ದರಂತೆ. ಅದು ಬರೀ ಚರ್ಚೆ, ಚೀಟಿ ಹಾಗೆ ಬಂದಿತ್ತು ಎಂದೆ.

"ಹೌದಾ? ಇವತ್ತು ಯಾವ ಚೀಟಿ ಬಂದಿದೆ ಮೇಡಂ?"

ವ್ಯಂಗ್ಯವೂ ಇರಲಿಲ್ಲ ಆ ದನಿಯಲ್ಲಿ. ಬೋರ್ನಿಯೋದಲ್ಲಿ ಕಾಡು ಸವರುವವನನ್ನು ರಾಕ್ಷಸ ಅನ್ನುವುದು ಬಹಳ ಸುಲಭ. ಅವನ ಕಡತದಲ್ಲೂ ಯಾರೋ ಜಾಣೆ, ಕಾಡನ್ನೇ ಕಾಣದವಳು, ಚಪ್ಪಾಳೆಗಾಗಿ ಆಡಿದ ಮೂರು ನಿಮಿಷ ಇದ್ದೇ ಇರುತ್ತದೆ. ಒಂದು ಕೆರೆಯನ್ನು ದತ್ತು ತೆಗೆದುಕೊಂಡು ಅದರಲ್ಲಿ ವಾಸವಿರುವವರು ಯಾರೆಂದು ಕೇಳದ ಕಂಪನಿ, ದೂರದ ಹಿಮಕರಡಿಗೆ ಕಣ್ಣೀರಿಡುತ್ತದೆ. ಆ ಕಂಪನಿಯ ಪರವಾಗಿ ಬಾಯಿ ಬಾಡಿಗೆಗೆ ಕೊಟ್ಟವಳು ನಾನು.

ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೋಡ್ದಂಗೇ ಯೋಳ್ಬುಟ್ಯಾ?" ಎಂದರು, ಅಷ್ಟೇ.

ಆಮೇಲೆ ಅವರೇ ಜೆಸಿಬಿಯವನ ಹತ್ತಿರ ಹೋಗಿ ಏನೋ ಹೇಳಿದರು. ಕೋಡಿಯ ಹತ್ತಿರ ಕೆಸರು ಜಾಸ್ತಿ, ಗಾಡಿ ಹೂತುಹೋಗುತ್ತದೆ ಎಂದು ಅವನು ಆ ಮೂಲೆಯನ್ನು ಬಿಟ್ಟ. ಅಲ್ಲಿದ್ದದ್ದು ಎರಡು ಗೂಡು. ಉಳಿದ ಐದು ಸಂಜೆಯೊಳಗೆ ಲಾರಿ ಸೇರಿದವು. ರಾಡಿ ನೀರಿನಲ್ಲಿ ಹಕ್ಕಿಗಳು ಒಂದೇ ಜಾಗವನ್ನು ಸುತ್ತು ಹಾಕುತ್ತಿದ್ದಾಗ ನಮ್ಮವರು ಗುಂಪು ಫೋಟೋಗೆ ನಿಂತರು.

ಆ ಫೋಟೋ ಈಗ ಹಿಮಕರಡಿಯ ಪಕ್ಕದಲ್ಲಿದೆ. ಮೂಲೆಯ ಜೊಂಡು ಅದರಲ್ಲಿ ಅಸಹ್ಯವಾಗಿ ಕಾಣುತ್ತದೆ ಎಂದು ಯಾರಿಗೋ ಅನ್ನಿಸಿತು. ಅದನ್ನೂ ತೆಗೆಸಬೇಕೇ ಎಂಬುದೇ ಮೂರು ವಾರ ಕಳೆದ ಶುಕ್ರವಾರದ ಚರ್ಚೆಯ ವಿಷಯ. ಡಬ್ಬಿ ಮುಂದೆ ಬಂದಾಗ ನಾನು ಕೈ ಹಾಕಲಿಲ್ಲ. ಚೀಟಿ ಎತ್ತದಿದ್ದರೆ ಲೆಕ್ಕಕ್ಕಿಲ್ಲ ಕಣೇ ಎಂದು ಡಬ್ಬಿ ಹಿಡಿದಿದ್ದ ಗೆಳತಿ ಪಿಸುಗುಟ್ಟಿದಳು. ಬೇಡ ಎಂದೆ. ನನ್ನ ಹೆಸರಿನ ಮುಂದೆ ಅನರ್ಹ ಎಂದು ಬರೆದುಕೊಂಡರು.

ಎದ್ದು ನಿಂತು ಮಾತು ಶುರು ಮಾಡಿದೆ: ನಿನ್ನೆ ಕೆರೆಗೆ ಹೋಗಿದ್ದೆ. ಕೋಡಿಯ ಎರಡೂ ಗೂಡುಗಳಲ್ಲಿ ಮರಿಯಾಗಿವೆ. ಮರಿಗಳ ತಲೆ ಕೆಂಪಗಿದೆ. ನಾಮ ಇನ್ನೂ ಬಂದಿಲ್ಲ.